ಬಿಳಿ ಬಿಡುವುದರಿಂದ ಬಿಳಿ ಹಚ್ಚುವುದಕ್ಕೆ

ಜಲವರ್ಣದಲ್ಲಿ ಚಿತ್ರ ಬರೆಯುವವರು ಅಕ್ರಿಲಿಕ್ ಬಣ್ಣಕ್ಕೆ ಬರಲು ಬೇರೆ ಊರುಗಳಲ್ಲಿ ಬೇರೆ ಕಾರಣಗಳಿರಬಹುದು. ಮಂಜೇಶ್ವರದಿಂದ ಹೊಸದುರ್ಗದವರೆಗಿನ ನಮ್ಮ ಈ ಕಾಸರಗೋಡು ಕರಾವಳಿಯಲ್ಲಿ ದೊಡ್ಡ ಕಾರಣ ಬೂಷ್ಟು. ಜೂನ್‌ನಲ್ಲಿ ಹಿಡಿದ ಮಳೆ ಆಟಿ (ಜುಲೈ-ಆಗಸ್ಟಿನ ತುಳು ತಿಂಗಳು) ಕಳೆಯುವವರೆಗೂ ಬಿಡುವುದಿಲ್ಲ. ಗೋಡೆಯ ತೇವ ಫ್ರೇಮಿನ ಬೆನ್ನಿಗೆ ಇಳಿಯುತ್ತದೆ, ಗಾಜಿನೊಳಗೆ ಸಿಕ್ಕಿಬಿದ್ದ ಗಾಳಿ ಆರುವುದಿಲ್ಲ, ಕಾಗದದ ಮೇಲೆ ಮೊದಲು ಕಂದು ಚುಕ್ಕಿ, ಆಮೇಲೆ ಬೂದು ರೋಮ. ಕಾಗದ ಬಣ್ಣವನ್ನು ಒಮ್ಮೆಗೇ ಹೀರದಿರಲೆಂದು ಹಾಕಿದ ಜೆಲಾಟಿನ್ ಅಥವಾ ಗಂಜಿ, ಬಣ್ಣದೊಳಗಿನ ಗೋಂದು, ಎರಡೂ ಬೂಷ್ಟಿಗೆ ಊಟ. ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್ ಇಟ್ಟು ಅಂತರ ಬಿಟ್ಟರೆ ಸ್ವಲ್ಪ ತಡೆಯಬಹುದು, ಪೂರ್ತಿ ತಪ್ಪಿಸಲಾಗದು. ಅಕ್ರಿಲಿಕ್ ಚಿತ್ರಕ್ಕೆ ಗಾಜೇ ಬೇಡ. ಧೂಳು ಕೂತರೆ ಮೆತ್ತಗಿನ ಬಟ್ಟೆಯಲ್ಲಿ ಒರೆಸಬಹುದು.

ಆದರೆ ಗಾಜಿನ ಖರ್ಚು ಉಳಿಯಿತೆಂದು ಅದೇ ಕೈಯಲ್ಲಿ, ಅದೇ ಅಭ್ಯಾಸದಲ್ಲಿ ಅಕ್ರಿಲಿಕ್ ಟ್ಯೂಬ್ ಒತ್ತಿದರೆ ಮೊದಲ ಹತ್ತು ಚಿತ್ರ ಹಾಳು. ಎರಡೂ ನೀರಿನಲ್ಲಿ ಕಲಸುವ ಬಣ್ಣಗಳು ಎಂಬುದೇ ಮೋಸ ಮಾಡುವ ಸಂಗತಿ. ನೀರು ಎರಡರಲ್ಲೂ ಇದೆ, ಅದರ ಕೆಲಸ ಬೇರೆ.

ಜಲವರ್ಣದಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಜಾಲಿ ಜಾತಿಯ ಮರದ ಗೋಂದು. ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಕರಗುತ್ತದೆ. ನಿನ್ನೆ ಹಚ್ಚಿದ ಆಕಾಶವನ್ನು ಇಂದು ಒದ್ದೆ ಬ್ರಶ್ಶಿನಿಂದ ಎಬ್ಬಿಸಿ ಮೋಡ ತೆಗೆಯಬಹುದು. ಅಕ್ರಿಲಿಕ್ಕಿನಲ್ಲಿ ಬಣ್ಣವನ್ನು ಹಿಡಿಯುವುದು ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಅತಿ ಸಣ್ಣ ಕಣಗಳು. ನೀರು ಆರುತ್ತಿದ್ದಂತೆ ಕಣಗಳು ಹತ್ತಿರ ಬಂದು, ಒಂದಕ್ಕೊಂದು ಒತ್ತಿ, ಬೆಸೆದು ಪೊರೆಯಾಗುತ್ತವೆ. ಆ ಪೊರೆ ಮತ್ತೆ ನೀರಿಗೆ ಕರಗುವುದಿಲ್ಲ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಹೀಗೆಯೇ. ಕಣಿಯಿಂದ ಕಡಿಯುವಾಗ ಕೊಡಲಿಗೆ ಬಗ್ಗುವಷ್ಟು ಮೆದು, ಗಾಳಿ ಬಿಸಿಲಿಗೆ ಬಿಟ್ಟರೆ ಗಟ್ಟಿ, ಮತ್ತೆ ಮೆದುವಾಗುವ ಮಾತಿಲ್ಲ. ಕೆತ್ತುವುದಿದ್ದರೆ ಹಸಿಯಾಗಿರುವಾಗಲೇ ಕೆತ್ತಬೇಕು.

ಇಲ್ಲಿ ಒಂದು ಸಲಹೆಯ ಬಗ್ಗೆ ಎಚ್ಚರಿಕೆ. ‘ಮೊದಮೊದಲು ಅಕ್ರಿಲಿಕ್ಕಿಗೆ ಬೇಕಾದಷ್ಟು ನೀರು ಹಾಕಿ ಜಲವರ್ಣದಂತೆಯೇ ಬಳಸಿ, ಕೈ ಪಳಗಿದ ಮೇಲೆ ದಪ್ಪಕ್ಕೆ ಬನ್ನಿ’ ಎಂದು ಎಲ್ಲರೂ ಹೇಳುತ್ತಾರೆ. ನನಗಂತೂ ಇದು ತಪ್ಪು ದಾರಿ ಅನಿಸುತ್ತದೆ. ನೀರಾದ ಅಕ್ರಿಲಿಕ್ ಜಲವರ್ಣದ ಹಾಗೆ ಕಾಗದದಿಂದ ಏಳುವುದಿಲ್ಲ, ಅಲ್ಟ್ರಾಮರೀನಿನಂಥ ನೀಲಿ ಬಣ್ಣ ಜಲವರ್ಣದಲ್ಲಿ ಕಾಗದದ ಗುಳಿಗಳಲ್ಲಿ ಕೂತು ತೋರಿಸುವ ಮರಳಿನಂಥ ಹರಳು ಇಲ್ಲಿ ಸಿಗುವುದಿಲ್ಲ, ಅಂಚು ಒಣಗಿದರೆ ಗೆರೆ ಶಾಶ್ವತ. ಜಲವರ್ಣದ ಒಳ್ಳೆಯ ಗುಣ ಒಂದೂ ಬರಲಿಲ್ಲ, ಅಕ್ರಿಲಿಕ್ಕಿನ ಬಲವೂ ಬಳಕೆಯಾಗಲಿಲ್ಲ. ಅದಕ್ಕಿಂತ ಕೆಟ್ಟದ್ದು, ಬಿಳಿ ಬಿಡುವ ಹಳೆಯ ಅಭ್ಯಾಸ ಇನ್ನಷ್ಟು ಗಟ್ಟಿಯಾಗುತ್ತದೆ. ಮೊದಲ ದಿನವೇ ದಪ್ಪ ಬಣ್ಣ, ಚಪ್ಪಟೆ ಬ್ರಶ್, ಬಣ್ಣ ಹಚ್ಚಿದ ಕ್ಯಾನ್ವಾಸ್ ಹಿಡಿಯಿರಿ.

ಬಿಳಿಯ ವಿಷಯಕ್ಕೆ ಬರೋಣ, ಇಡೀ ಬದಲಾವಣೆ ಇರುವುದು ಅಲ್ಲೇ. ಜಲವರ್ಣದಲ್ಲಿ ಬೆಳಕು ಎಂದರೆ ಕಾಗದ. ಎಲ್ಲಿ ಬಣ್ಣ ಹಚ್ಚಬಾರದು ಎಂದು ಮೊದಲೇ ತೀರ್ಮಾನಿಸಿ, ತಿಳಿಯಿಂದ ಗಾಢಕ್ಕೆ ಹೋಗುವುದು ಕ್ರಮ. ಅಡಕೆ ತೋಟ ಬರೆಯುವವರಿಗೆ ಇದರ ಕಷ್ಟ ಗೊತ್ತು. ಹಿಂದೆ ಕಪ್ಪುಹಸಿರು ನೆರಳು, ಮುಂದೆ ಬೆಳ್ಳಗೆ ನೆಟ್ಟಗೆ ನಿಂತ ಮೂವತ್ತು ನಲವತ್ತು ಕಂಗು. ಪ್ರತಿಯೊಂದು ಕಾಂಡದ ಎರಡೂ ಬದಿಗೆ ಬ್ರಶ್ ಸುತ್ತಿಸಿ ಹಸಿರು ತುಂಬಬೇಕು, ಇಲ್ಲವೇ ಕಾಗದಕ್ಕೆ ಬಣ್ಣ ತಾಗದಂತೆ ತಡೆಯುವ, ರಬ್ಬರಿನಂಥ ಮಾಸ್ಕಿಂಗ್ ದ್ರವ ಹಚ್ಚಿ ಆಮೇಲೆ ಎಬ್ಬಿಸಬೇಕು. ನಮ್ಮ ಮಳೆಗಾಲದಲ್ಲಿ ಮಾಸ್ಕಿಂಗ್ ದ್ರವ ಎರಡು ದಿನ ಕಾಗದದ ಮೇಲೆ ಉಳಿದರೆ ಕೀಳುವಾಗ ಕಾಗದದ ಚರ್ಮವೂ ಜೊತೆಗೆ ಬರುತ್ತದೆ.

ಅಕ್ರಿಲಿಕ್ಕಿನಲ್ಲಿ ಕ್ರಮ ತಲೆಕೆಳಗು. ಕಾಂಡಗಳನ್ನು ಮರೆತುಬಿಡಿ. ಇಡೀ ಹಿನ್ನೆಲೆಯನ್ನು ಕಪ್ಪುಹಸಿರಿನಿಂದ ತುಂಬಿ. ಥ್ಯಾಲೊ ಹಸಿರು ಒಂದು ಪಾಲು, ಬರ್ಂಟ್ ಅಂಬರ್ ಎಂಬ ಗಾಢ ಕಂದು ಎರಡು ಪಾಲು, ಅಲ್ಲಲ್ಲಿ ಅಲ್ಟ್ರಾಮರೀನ್. ಅದು ಆರಿದ ಮೇಲೆ ನಡುವಿನ ಹಸಿರು, ಸೋಗೆಗಳ ನಡುವೆ ಇಣುಕುವ ಬೆಳಕು. ಕೊನೆಗೆ ಕಾಂಡ. ಟೈಟಾನಿಯಂ ಬಿಳಿ ನಾಲ್ಕು ಪಾಲು, ಯೆಲ್ಲೊ ಓಕರ್ ಎಂಬ ಮಣ್ಣಿನ ಹಳದಿ ಒಂದು ಪಾಲು, ಸೂಜಿಮೊನೆಯಷ್ಟು ಅಲ್ಟ್ರಾಮರೀನ್. ಕಾಲಿಂಚಿನ ಚಪ್ಪಟೆ ಬ್ರಶ್ಶಿಗೆ ಬಣ್ಣ ತುಂಬಿ ಮೇಲಿಂದ ಕೆಳಗೆ ಒಂದೇ ಎಳೆತ. ಮೊದಲ ಕೋಟಿನಲ್ಲಿ ಹಿಂದಿನ ಹಸಿರು ಮಸುಕಾಗಿ ಕಾಣುತ್ತದೆ, ಹೆದರಬೇಡಿ. ಆರಿದ ಮೇಲೆ ಬೆಳಕಿನ ಬದಿಗೆ ಮಾತ್ರ ಎರಡನೇ ಕೋಟು ಹಾಕಿ, ನೆರಳಿನ ಬದಿಯನ್ನು ಹಾಗೆಯೇ ಬಿಟ್ಟರೆ ಕಾಂಡಕ್ಕೆ ಉರುಟು ತಾನೇ ಬರುತ್ತದೆ. ಉಂಗುರದ ಗೆರೆಗಳನ್ನು ಬ್ರಶ್ಶಿನ ಅಂಚು ತಾಗಿಸಿ ಒತ್ತಬೇಕು, ಎಳೆಯಬಾರದು. ಕಾಂಡದ ಮೇಲಿನ ಬಿಳಿ ಕಲ್ಲುಹೂವಿನ ಕಲೆಗಳಿಗೆ ಮಾತ್ರ ಹೆಚ್ಚುಕಡಿಮೆ ಶುದ್ಧ ಬಿಳಿ, ಅದೂ ಐದಾರು ಕಡೆ.

ಬಿಳಿ ಸಿಕ್ಕಿತೆಂದು ಎಲ್ಲದಕ್ಕೂ ಬೆರೆಸುವುದು ಎರಡನೇ ಹಂತದ ರೋಗ. ಜಲವರ್ಣದಿಂದ ಬಂದವರ ಆರಂಭದ ಅಕ್ರಿಲಿಕ್ ಚಿತ್ರಗಳು ಸುಣ್ಣ ಹೊಡೆದ ಹಾಗೆ ಕಾಣುವುದು ಇದರಿಂದ. ಟೈಟಾನಿಯಂ ಬಿಳಿ ಬಣ್ಣವನ್ನು ತಿಳಿಯಾಗಿಸುವುದಷ್ಟೇ ಅಲ್ಲ, ತಣ್ಣಗೂ ಮಂಕಾಗಿಯೂ ಮಾಡುತ್ತದೆ. ಬಿಸಿಲು ಬಿದ್ದ ಬಾಳೆ ಎಲೆಗೆ ಹಸಿರು ಜೊತೆ ಬಿಳಿ ಸೇರಿಸಿದರೆ ಸಿಗುವುದು ಆಸ್ಪತ್ರೆ ಗೋಡೆಯ ಬಣ್ಣ. ಮೊದಲು ಲೆಮನ್ ಹಳದಿ ಹಾಕಿ ಬೆಳಗಿಸಿ, ಇನ್ನೂ ಸಾಲದಿದ್ದರೆ ಬಿಳಿ. ಕೆಂಪನ್ನು ಬೆಳಗಿಸಲು ಮೊದಲು ಕಿತ್ತಳೆ, ಆಮೇಲೆ ಹಳದಿ, ಬಿಳಿಯ ಸರದಿ ಕೊನೆಗೆ. ಕೆಂಪಿಗೆ ನೇರ ಬಿಳಿ ಹಾಕಿದರೆ ಗುಲಾಬಿ ಮಿಠಾಯಿ.

ಎಲ್ಲ ಅಕ್ರಿಲಿಕ್ಕೂ ಮುಚ್ಚುವ ಬಣ್ಣ ಎಂಬುದೂ ಪೂರ್ತಿ ನಿಜವಲ್ಲ. ಮುಚ್ಚುವ ಶಕ್ತಿ ಬಣ್ಣದ ಪುಡಿಯದು. ಟೈಟಾನಿಯಂ ಬಿಳಿ, ಕಬ್ಬಿಣದ ಆಕ್ಸೈಡಿನ ಕೆಂಪು, ಕ್ಯಾಡ್ಮಿಯಂ ಬಣ್ಣಗಳು ಚೆನ್ನಾಗಿ ಮುಚ್ಚುತ್ತವೆ. ಥ್ಯಾಲೊ ನೀಲಿ, ಕ್ವಿನಾಕ್ರಿಡೋನ್ ಕೆಂಪು, ಹಲವು ಹಳದಿಗಳು ಪಾರದರ್ಶಕ. ಟ್ಯೂಬಿನ ಮೇಲೆ ಚಿಕ್ಕ ಚೌಕ ಇರುತ್ತದೆ: ಪೂರ್ತಿ ತುಂಬಿದ್ದರೆ ಮುಚ್ಚುತ್ತದೆ, ಖಾಲಿಯಿದ್ದರೆ ಪಾರದರ್ಶಕ, ಅರ್ಧ ತುಂಬಿದ್ದರೆ ನಡುವೆ. ಭೂತಕೋಲ ಅಥವಾ ತೆಯ್ಯಂನ (ದೈವದ ವೇಷ ಕಟ್ಟಿ ಕುಣಿಯುವ ಆಚರಣೆಯ) ಚಿತ್ರ ಬರೆಯುವವರು ರಾತ್ರಿಯ ಕಪ್ಪು ಹಿನ್ನೆಲೆಯ ಮೇಲೆ ನೇರ ಕೆಂಪು ಹಚ್ಚಿ, ನಾಲ್ಕು ಕೋಟು ಕಳೆದರೂ ಇದು ಯಾಕೆ ಒಣ ರಕ್ತದ ಹಾಗೆ ಎಂದು ತಲೆ ಕೆರೆದುಕೊಳ್ಳುತ್ತಾರೆ. ಕೆಂಪು ಬರಬೇಕಾದ ಜಾಗವನ್ನು ಮೊದಲು ಬಿಳಿ ಅಥವಾ ತಿಳಿ ಕಿತ್ತಳೆಯಿಂದ ಮುಚ್ಚಿ, ಆರಿಸಿ, ಅದರ ಮೇಲೆ ಕೆಂಪು ಎರಡು ತೆಳು ಕೋಟು ಹಾಕಿದರೆ ದೊಂದಿಯ ಬೆಳಕಿನ ಕೆಂಪು ಬರುತ್ತದೆ. ವೇಷದ ಎಳೆ ತೆಂಗಿನಗರಿಯ ಹಳದಿಗೂ ಇದೇ ಉಪಾಯ.

ಆರುವ ವೇಗದ ಬಗ್ಗೆ ಪುಸ್ತಕಗಳಲ್ಲಿ ಬರೆದಿರುವುದನ್ನು ನಮ್ಮ ಊರಿಗೆ ಹೊಂದಿಸಿಕೊಂಡು ಓದಬೇಕು. ತೆಳು ಕೋಟು ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ ಆರುತ್ತದೆ ಎನ್ನುವುದು ಒಣ ಹವೆಯ ಲೆಕ್ಕ. ಮಾರ್ಚ್ ಮಧ್ಯಾಹ್ನ ಜಗಲಿಯಲ್ಲಿ ಫ್ಯಾನಿನಡಿ ಕೂತರೆ ಮೂರೇ ನಿಮಿಷ ಸಾಕು, ಬಣ್ಣ ಬ್ರಶ್ಶಿನಲ್ಲೇ ಗಟ್ಟಿಯಾಗಲು ಶುರು. ಜುಲೈ ಜಡಿಮಳೆಯಲ್ಲಿ ಗಾಳಿಯ ತೇವ ಶೇಕಡಾ 90ರ ಆಸುಪಾಸು ಇರುವಾಗ ಅದೇ ಕೋಟು ಮುಕ್ಕಾಲು ಗಂಟೆ ಕಳೆದರೂ ಬೆರಳಿಗೆ ತಣ್ಣಗೆ ತಾಗುತ್ತದೆ. ತಣ್ಣಗಿದೆ ಎಂದರೆ ಒಳಗೆ ನೀರು ಇನ್ನೂ ಇದೆ, ಅದು ಆರುತ್ತಾ ಶಾಖ ಎಳೆಯುತ್ತಿದೆ. ಬೆರಳ ಹಿಂಭಾಗ ತಾಗಿಸಿ ನೋಡುವ ಈ ಪರೀಕ್ಷೆ ಗಡಿಯಾರಕ್ಕಿಂತ ಮೇಲು.

ಅರ್ಧ ಆರಿದ ಬಣ್ಣಕ್ಕೆ ಮತ್ತೆ ಬ್ರಶ್ ಹಾಕುವುದು ಜಲವರ್ಣದವರ ಕೈ ತಡೆಯಲಾರದ ಚಟ. ಜಲವರ್ಣದಲ್ಲಿ ಆ ಹೊತ್ತಿಗೆ ಕೈ ಹಾಕಿದರೆ ಹೂಕೋಸಿನಂಥ ಕಲೆ ಬರುತ್ತದೆ, ಅಷ್ಟೇ. ಅಕ್ರಿಲಿಕ್ಕಿನಲ್ಲಿ ಆಗಷ್ಟೇ ಬೆಸೆಯುತ್ತಿರುವ ಪೊರೆ ಹಾಲಿನ ಕೆನೆಯ ಹಾಗೆ ಸುಕ್ಕಾಗಿ ಬ್ರಶ್ಶಿಗೆ ಸುತ್ತಿಕೊಂಡು ಬರುತ್ತದೆ, ಅಡಿಯ ಬಿಳಿ ಕಾಣುತ್ತದೆ. ಅದನ್ನು ತೀಡಿ ಸರಿಮಾಡಲು ಹೋದಷ್ಟೂ ಗಾಯ ದೊಡ್ಡದು. ಕೈ ತೆಗೆಯಿರಿ, ಪೂರ್ತಿ ಆರಲಿ, ಆಮೇಲೆ ಅದರ ಮೇಲೆಯೇ ಹೊಸ ಕೋಟು. ಹಚ್ಚಿದ ಒಂದು ನಿಮಿಷದೊಳಗೆ ಒದ್ದೆ ಬನಿಯನ್ ತುಂಡಿನಿಂದ ಒರೆಸಿ ತೆಗೆಯಬಹುದು. ಆ ಗಡುವು ದಾಟಿದ ಮೇಲೆ ತಪ್ಪನ್ನು ಅಳಿಸುವುದಲ್ಲ, ಮುಚ್ಚುವುದು.

ಹೇರ್ ಡ್ರೈಯರ್ ಇದ್ದವರು ಒಂದು ಅಡಿ ದೂರದಿಂದ, ಕಡಿಮೆ ಬಿಸಿಯಲ್ಲಿ, ತೆಳು ಕೋಟಿಗೆ ಮಾತ್ರ ಬಳಸಲಿ. ದಪ್ಪ ಬಣ್ಣಕ್ಕೆ ಬಿಸಿ ಗಾಳಿ ಹೊಡೆದರೆ ಮೇಲೆ ಪೊರೆ ಕಟ್ಟಿ ಒಳಗೆ ನೀರು ಉಳಿಯುತ್ತದೆ, ಆಮೇಲೆ ಬಿರುಕು.

ಬೇಸಗೆಯಲ್ಲಿ ತಟ್ಟೆಯ ಬಣ್ಣ ಉಳಿಸಿಕೊಳ್ಳಲು ಒದ್ದೆ ಪ್ಯಾಲೆಟ್ ಬೇಕೇಬೇಕು. ಅಂಗಡಿಯದೇ ಆಗಬೇಕಿಲ್ಲ. ಮುಚ್ಚಳ ಬಿಗಿಯಿರುವ ಚಪ್ಪಟೆ ಮಿಠಾಯಿ ಡಬ್ಬಿ, ಅದರಡಿಗೆ ಅಡುಗೆಮನೆ ಒರೆಸುವ ಸ್ಪಾಂಜ್ ಬಟ್ಟೆ ಎರಡು ಪದರ. ನೀರು ಹಾಕಿ, ಬಟ್ಟೆ ಪೂರ್ತಿ ಒದ್ದೆಯಾಗಿ ಮೇಲೆ ನೀರು ನಿಲ್ಲದಂತೆ ಚೆಲ್ಲಿ, ಅದರ ಮೇಲೆ ಕೇಕ್ ಬೇಯಿಸಲು ಬಳಸುವ ಪಾರ್ಚ್‌ಮೆಂಟ್ ಕಾಗದ ಹಾಸಿ. ಬಣ್ಣ ಒತ್ತುವುದು ಈ ಕಾಗದದ ಮೇಲೆ. ಅಡಿಯಿಂದ ತೇವ ನಿಧಾನವಾಗಿ ಬರುತ್ತದೆ, ಬಣ್ಣ ಎರಡು ಮೂರು ದಿನ ಹಸಿ ಇರುತ್ತದೆ. ಮೇಣ ಹಚ್ಚಿದ ಕಾಗದ ಆಗದು, ನೀರನ್ನು ಬಿಡುವುದಿಲ್ಲ. ಬಣ್ಣ ಸೋರಿ ಹರಡಿದರೆ ಬಟ್ಟೆಯಲ್ಲಿ ನೀರು ಹೆಚ್ಚಾಯಿತು ಎಂದರ್ಥ. ಮಳೆಗಾಲದಲ್ಲಿ ಇದೇ ಡಬ್ಬಿ ಮೂರನೇ ದಿನಕ್ಕೆ ಹುಳಿ ನಾತ ಬಿಡುತ್ತದೆ, ಬಟ್ಟೆಯನ್ನು ದಿನಾ ತೊಳೆಯಬೇಕು. ನಿಜ ಹೇಳಬೇಕೆಂದರೆ ಆಟಿಯಲ್ಲಿ ಒದ್ದೆ ಪ್ಯಾಲೆಟ್ಟೇ ಬೇಡ, ಹಳೆಯ ಪಿಂಗಾಣಿ ತಟ್ಟೆ ಸಾಕು. ಅಡಕೆ ಹಾಳೆಯ ತಟ್ಟೆ ಸುಲಭಕ್ಕೆ ಸಿಗುತ್ತದೆಂದು ಬಳಸಬೇಡಿ. ಬಣ್ಣದ ನೀರನ್ನೆಲ್ಲ ಅದೇ ಕುಡಿಯುತ್ತದೆ.

ಜಲವರ್ಣದ ಮೃದು ಅಂಚಿಗೆ ಹಂಬಲಿಸುವವರು ಗ್ಲೇಜಿಂಗ್ ಮೀಡಿಯಂ ಕೊಳ್ಳಲಿ. ಇದು ಬಣ್ಣವಿಲ್ಲದ ಅದೇ ಪ್ಲಾಸ್ಟಿಕ್ ಅಂಟು, ಸ್ವಲ್ಪ ನಿಧಾನ ಆರುವಂತೆ ಮಾಡಿದ್ದು. ರಿಟಾರ್ಡರ್ ಬೇರೆ. ಅದು ಅಂಟಲ್ಲ, ಆರುವುದನ್ನು ತಡೆಯುವ ದ್ರವ. ಬಣ್ಣದ ಶೇಕಡಾ 10ರಿಂದ 15 ಮೀರಿದರೆ ಚಿತ್ರ ಬೆಲ್ಲದ ಪಾಕದ ಹಾಗೆ ಅಂಟಂಟಾಗಿಯೇ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಬಾಟಲಿ ಮುಟ್ಟುವ ಅಗತ್ಯವೇ ಇಲ್ಲ. ನೀರಿನ ಲೆಕ್ಕವೂ ಹೇಳಿಬಿಡುತ್ತೇನೆ. ಜೆಸೊ (ಚಿತ್ರಕ್ಕೆ ಮುಂಚೆ ಹಚ್ಚುವ ಬಿಳಿ ಅಡಿಲೇಪ) ಹಚ್ಚಿದ ಕ್ಯಾನ್ವಾಸಿನ ಮೇಲೆ ಬಣ್ಣದಷ್ಟೇ ನೀರು ಬೆರೆಸುವವರೆಗೆ ತೊಂದರೆಯಿಲ್ಲ. ಅದಕ್ಕೂ ತೆಳುವಾಗಬೇಕಿದ್ದರೆ ನೀರಿನ ಬದಲು ಮೀಡಿಯಂ. ನೀರು ಹೆಚ್ಚಾದಷ್ಟೂ ಪ್ಲಾಸ್ಟಿಕ್ ಕಣಗಳ ನಡುವೆ ಅಂತರ ಹೆಚ್ಚಿ ಪೊರೆ ಗಟ್ಟಿಯಾಗಿ ಕೂರುವುದಿಲ್ಲ, ಮೇಲಿನ ಕೋಟು ಹಚ್ಚುವಾಗ ಕೆಳಗಿನದು ಪುಡಿಯಾಗಿ ಎದ್ದು ಬರಬಹುದು. ಕಾಗದಕ್ಕೆ ಈ ಕಟ್ಟುನಿಟ್ಟು ಬೇಡ, ಅದು ಬಣ್ಣವನ್ನು ಒಳಗೆ ಹೀರಿ ಹಿಡಿದುಕೊಳ್ಳುತ್ತದೆ.

ಈಗ ಒಂದು ಚಿತ್ರವನ್ನೇ ಹತ್ತಿರದಿಂದ ನೋಡೋಣ: ಮಳೆಯಲ್ಲಿ ನೆನೆದ ಮುರಕಲ್ಲಿನ ಪಾಗಾರ. ಬೇಕಲ ಕೋಟೆಯ ಗೋಡೆಯಾದರೂ ಸರಿ, ಮನೆಯಂಗಳದ್ದಾದರೂ ಸರಿ, ಕಲ್ಲು ಅದೇ. ಲ್ಯಾಟರೈಟ್ ಎಂಬ ಹೆಸರನ್ನು ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಕೊಟ್ಟದ್ದೂ ಇದೇ ಕೇರಳದ ಅಂಗಾಡಿಪುರಂನ ಕಲ್ಲು ನೋಡಿ. ಅದರ ಕೆಂಪು ಕಬ್ಬಿಣದ ಆಕ್ಸೈಡಿನದು. ಯೆಲ್ಲೊ ಓಕರ್, ಕೆಂಗಂದಿನ ಬರ್ಂಟ್ ಸಿಯನ್ನಾ, ಬರ್ಂಟ್ ಅಂಬರ್ ಟ್ಯೂಬುಗಳೊಳಗಿನ ಬಣ್ಣವೂ ಕಬ್ಬಿಣದ ಆಕ್ಸೈಡಿನದೇ. ಹಾಗಾಗಿ ಈ ಗೋಡೆಗೆ ಬಣ್ಣ ಹೊಂದಿಸಲು ಒದ್ದಾಡಬೇಕಿಲ್ಲ. ಒದ್ದಾಟವೆಲ್ಲ ತೂತುಗಳದ್ದು.

ಹನ್ನೆರಡು ಹದಿನಾರು ಇಂಚಿನ ಕ್ಯಾನ್ವಾಸ್ ಬೋರ್ಡ್ ಸಾಕು. ಅಂಗಡಿಯಿಂದ ಬಂದದ್ದರ ಮೇಲೆ ಇನ್ನೊಂದು ಕೋಟು ಜೆಸೊ, ಒರಟು ಬ್ರಶ್ಶಿನಿಂದ ಅಡ್ಡಾದಿಡ್ಡಿ ಹಚ್ಚಿ ಗೀರುಗಳನ್ನು ಹಾಗೇ ಉಳಿಸಿ. ಬೇರೆ ಚಿತ್ರಕ್ಕಾದರೆ 220 ನಂಬರಿನ ಮರಳು ಕಾಗದದಲ್ಲಿ ಉಜ್ಜಿ ನಯ ಮಾಡಬೇಕಿತ್ತು, ಈ ಗೋಡೆಗೆ ಒರಟೇ ಬೇಕು. ಒಂದು ದಿನ ಒಣಗಲಿ.

ಮೊದಲ ಕೆಲಸ ಬಿಳಿಯನ್ನು ಪೂರ್ತಿ ಕೊಲ್ಲುವುದು. ಓಕರ್ ಮತ್ತು ಬರ್ಂಟ್ ಸಿಯನ್ನಾ ಸಮಪಾಲು, ಅಷ್ಟೇ ನೀರು, ಬಟ್ಟೆ ತುಂಡಿನಿಂದ ಇಡೀ ಬೋರ್ಡಿಗೆ ತಿಕ್ಕಿ. ಜಲವರ್ಣದವರ ಎದೆ ಝಲ್ ಎನ್ನುವ ಗಳಿಗೆ ಇದು. ಆದರೆ ಈ ಮಧ್ಯಮ ಬಣ್ಣದ ಮೇಲೆ ಗಾಢವೂ ಕಾಣುತ್ತದೆ, ತಿಳಿಯೂ ಕಾಣುತ್ತದೆ. ಬಿಳಿಯ ಮೇಲೆ ಎಲ್ಲವೂ ಗಾಢವಾಗಿಯೇ ಕಂಡು ಕಣ್ಣು ದಾರಿ ತಪ್ಪುತ್ತದೆ.

ಆರಿದ ಮೇಲೆ ಅತಿ ಗಾಢ. ಬರ್ಂಟ್ ಅಂಬರ್ ಮತ್ತು ಅಲ್ಟ್ರಾಮರೀನ್ ಸಮಪಾಲು ಬೆರೆಸಿದರೆ ಟ್ಯೂಬಿನ ಕಪ್ಪಿಗಿಂತ ಜೀವಂತ ಕಪ್ಪು ಸಿಗುತ್ತದೆ. ಕಲ್ಲುಗಳ ನಡುವಿನ ಸಂದು, ಗೋಡೆಯ ಬುಡ, ಮೇಲಂಚಿನ ಅಡಿಯ ನೆರಳು. ಸಂದುಗಳನ್ನು ಒಂದೇ ದಪ್ಪಕ್ಕೆ ಗೆರೆ ಎಳೆದ ಹಾಗೆ ಬರೆದರೆ ಮುರಕಲ್ಲು ಹೋಗಿ ಸಿಮೆಂಟ್ ಇಟ್ಟಿಗೆ ಬಂದೀತು. ಕೆಲವು ಕಡೆ ಸಂದೇ ಕಾಣಬಾರದು. ನಂತರ ಕಲ್ಲಿನ ಮೈ: ಬರ್ಂಟ್ ಸಿಯನ್ನಾ ಮೂರು ಪಾಲು, ಓಕರ್ ಒಂದು ಪಾಲು. ತಟ್ಟೆಯಲ್ಲಿ ಪೂರ್ತಿ ಕಲಸಬೇಡಿ, ಅರೆಬರೆ ಕಲಸಿ ಅರ್ಧ ಇಂಚಿನ ಚಪ್ಪಟೆ ಬ್ರಶ್ಶಿನಲ್ಲಿ ಎತ್ತಿದರೆ ಒಂದೇ ಎಳೆತದಲ್ಲಿ ಎರಡು ಮೂರು ಕೆಂಪು ಬೀಳುತ್ತದೆ. ಒಂದು ಕಲ್ಲಿಗೆ ಅಂಬರ್ ಹೆಚ್ಚು, ಪಕ್ಕದ್ದಕ್ಕೆ ಓಕರ್ ಹೆಚ್ಚು. ತಿಳಿ ಮಾಡಬೇಕಾದಲ್ಲಿ ಓಕರ್ ಹಾಕಿ, ಬಿಳಿ ಹಾಕಿದರೆ ಕಲ್ಲಿಗೆ ಪೌಡರ್ ಬಳಿದ ಹಾಗಾಗುತ್ತದೆ.

ತೂತುಗಳನ್ನು ಒಂದೊಂದಾಗಿ ಚುಕ್ಕಿ ಇಟ್ಟು ಬರೆಯುವವರಿದ್ದಾರೆ. ಗೋಡೆಗೆ ಸಿಡುಬು ಬಂದ ಹಾಗೆ ಕಾಣುತ್ತದೆ. ಬದಲಿಗೆ ಕಲ್ಲಿನ ಮೈಯನ್ನು ಮೊದಲು ಬೇಕಾದ್ದಕ್ಕಿಂತ ಗಾಢ ಮಾಡಿ ಪೂರ್ತಿ ಆರಿಸಿ. ಸವೆದ ಹಂದಿಕೂದಲಿನ ಬ್ರಶ್ಶಿಗೆ ತಿಳಿಗೆಂಪು ತೆಗೆದುಕೊಂಡು, ಬಟ್ಟೆಗೆ ಒರೆಸಿ ಒರೆಸಿ ಬಣ್ಣ ಮುಗಿದೇಹೋಯಿತು ಅನ್ನಿಸುವವರೆಗೆ ಕಳೆಯಿರಿ. ಆಮೇಲೆ ಬ್ರಶ್ಶನ್ನು ಬೋರ್ಡಿಗೆ ಹೆಚ್ಚುಕಡಿಮೆ ಸಮಾನಾಂತರ ಮಲಗಿಸಿ ಹಗುರವಾಗಿ ಸವರಿ. ಜೆಸೊದ ಏಣುಗಳಿಗೆ ಮಾತ್ರ ಬಣ್ಣ ಹತ್ತಿ, ತಗ್ಗುಗಳಲ್ಲಿ ಗಾಢ ಉಳಿದುಕೊಳ್ಳುತ್ತದೆ. ಅವೇ ತೂತುಗಳು, ಒಂದೂ ನಾವು ಬರೆದದ್ದಲ್ಲ. ಬಣ್ಣ ಗೆರೆಗೆರೆಯಾಗಿ ಬಿದ್ದರೆ ಬ್ರಶ್ಶಿನಲ್ಲಿ ನೀರು ಉಳಿದಿದೆ, ಒಣಗಿಸಿ ಮತ್ತೆ ಹಿಡಿಯಿರಿ. ಪಾಚಿಗೆ ಓಕರ್ ಮತ್ತು ಅಲ್ಟ್ರಾಮರೀನ್ ಸೇರಿದ ಮಂದ ಹಸಿರು ಮೊದಲು, ಅದರ ಮೇಲೆ ಅಲ್ಲಲ್ಲಿ ಲೆಮನ್ ಹಳದಿ ಸೇರಿದ ಹೊಳಪು ಹಸಿರು, ಸ್ಪಾಂಜಿನ ತುದಿಯಿಂದ ಒತ್ತಿ.

ಕಡೆಗೆ ಒದ್ದೆ. ಅಕ್ರಿಲಿಕ್ ಯಾಕೆ ಬೇಕು ಎಂದು ಜಲವರ್ಣದವರಿಗೆ ಮನವರಿಕೆಯಾಗುವುದು ಇಲ್ಲಿ. ಮಳೆಗಾಲವಾದರೆ ರಾತ್ರಿಯಿಡೀ ಒಣಗಲು ಬಿಟ್ಟು, ಅಲ್ಟ್ರಾಮರೀನ್ ಜೊತೆ ಚೂರು ಕ್ರಿಮ್ಸನ್ ಸೇರಿಸಿ, ಒಂದು ಪಾಲು ಬಣ್ಣಕ್ಕೆ ಹತ್ತು ಪಾಲು ಹೊಳಪಿನ ಗ್ಲೇಜಿಂಗ್ ಮೀಡಿಯಂ ಬೆರೆಸಿ. ದೊಡ್ಡ ಮೆದು ಬ್ರಶ್ಶಿನಿಂದ ಮೇಲಿಂದ ಕೆಳಗೆ ನೀರಿಳಿದ ಜಾಡಿನಲ್ಲಿ ಎಳೆಯಿರಿ. ಕೆಂಪು ಕಲ್ಲು ಕೂಡಲೇ ನೇರಳೆಗಪ್ಪಿಗೆ ತಿರುಗುತ್ತದೆ, ಕೆಳಗಿನ ಕೆಲಸ ಒಂದು ಕೂದಲೂ ಅಲುಗುವುದಿಲ್ಲ. ಜಲವರ್ಣದಲ್ಲಿ ಇಂಥ ಪಾರದರ್ಶಕ ತೆಳು ಕೋಟು, ಅಂದರೆ ಗ್ಲೇಜ್, ಮೂರನೆಯದಕ್ಕೆ ಕೆಳಗಿನದು ಕರಗಿ ರಾಡಿಯಾಗುವ ಭಯ, ಇಲ್ಲಿ ಹತ್ತು ಹಾಕಬಹುದು, ಪ್ರತಿ ಸಲವೂ ಆರಿಸಬೇಕು, ಅಷ್ಟೇ. ಗ್ಲೇಜ್ ಹಸಿಯಿರುವಾಗಲೇ ಬೆಳಕು ಬೀಳುವ ಕಡೆ ಬಟ್ಟೆಯಿಂದ ಒತ್ತಿ ತೆಗೆದರೆ ಅಲ್ಲಿ ಮೊದಲಿನ ಕೆಂಪು ಮತ್ತೆ ಹೊಳೆಯುತ್ತದೆ. ಆಕಾಶದ ಬಿಳುಪು ಪ್ರತಿಫಲಿಸುವ ಗೋಡೆಯ ಮೇಲಂಚಿಗೆ ಮಾತ್ರ ಕೊನೆಗೊಮ್ಮೆ ಬಿಳಿ, ಅದರಲ್ಲೂ ಚೂರು ಅಲ್ಟ್ರಾಮರೀನ್ ಸೇರಿರಲಿ. ಆ ಗೋಡೆಯ ಮೇಲಿನ ಮೋಡವನ್ನು ಬರೆಯುವುದಿದ್ದರೆ ಮಾತ್ರ, ನನ್ನ ಮಟ್ಟಿಗೆ, ಜಲವರ್ಣಕ್ಕೆ ಸಾಟಿಯಿಲ್ಲ. ಒದ್ದೆ ಕಾಗದದ ಮೇಲೆ ತಾನೇ ಹಬ್ಬುವ ಆಟಿಯ ಮೋಡವನ್ನು ಅಕ್ರಿಲಿಕ್ಕಿನಲ್ಲಿ ಒಣ ಬ್ರಶ್ ತಿರುಗಿಸಿ ತಿರುಗಿಸಿ ಮಾಡಬೇಕು, ಆ ಶ್ರಮ ಚಿತ್ರದಲ್ಲಿ ಕಾಣುತ್ತದೆ.

ಬಣ್ಣ ಆರಿದಾಗ ಎತ್ತ ಜಾರುತ್ತದೆ ಎಂಬುದೂ ಉಲ್ಟಾ. ಜಲವರ್ಣ ಆರಿದರೆ ತಿಳಿಯಾಗುತ್ತದೆ, ಅದಕ್ಕಾಗಿ ಕೈ ತಾನಾಗಿ ಒಂದು ಹಂತ ಗಾಢ ಹಚ್ಚಲು ಕಲಿತಿರುತ್ತದೆ. ಅಕ್ರಿಲಿಕ್ಕಿನ ಅಂಟು ಹಸಿಯಿರುವಾಗ ಹಾಲಿನ ಬಣ್ಣ, ಆರಿದರೆ ಗಾಜಿನಷ್ಟು ಪಾರದರ್ಶಕ. ಆ ಹಾಲುಬಣ್ಣ ಹೋದಾಗ ಚಿತ್ರ ಗಾಢವಾಗುತ್ತದೆ. ಹಳೆಯ ಕೈಯೂ ಹೊಸ ಬಣ್ಣವೂ ಒಂದೇ ದಿಕ್ಕಿಗೆ ಎಳೆದು, ಮೊದಲ ಚಿತ್ರಗಳು ಸಂಜೆ ಏಳು ಗಂಟೆಯ ಹಾಗೆ ಕಪ್ಪಿಡುತ್ತವೆ. ಚರ್ಮದ ಬಣ್ಣ, ಆಕಾಶದಂಥ ಸೂಕ್ಷ್ಮ ಮಿಶ್ರಣವನ್ನು ಮೊದಲು ಜೆಸೊ ಹಚ್ಚಿದ ಕಾಗದದ ಪಟ್ಟಿಯ ಮೇಲೆ ಹಚ್ಚಿ, ಆರಿಸಿ, ಅದನ್ನು ಚಿತ್ರದ ಪಕ್ಕ ಹಿಡಿದು ನೋಡಿ. ಒಂದೇ ಬಣ್ಣ ದೊಡ್ಡ ಜಾಗಕ್ಕೆ ಬೇಕಿದ್ದರೆ ಒಮ್ಮೆಗೇ ಹೆಚ್ಚಿಗೆ ಕಲಸಿ ಬಿಗಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿಡಿ. ಆರಿದ ಬಣ್ಣಕ್ಕೆ ಹೋಲುವಂತೆ ಹಸಿ ಬಣ್ಣವನ್ನು ಎರಡನೇ ಸಲ ಕಲಸುವುದು ಪಳಗಿದವರಿಗೂ ಕಷ್ಟ.

ಕೊಳ್ಳುವಾಗ ಹೆಚ್ಚು ಬಣ್ಣ ಬೇಡ. ಲೆಮನ್ ಹಳದಿ, ಓಕರ್, ಒಂದು ಬೆಚ್ಚನೆಯ ಕೆಂಪು, ಕ್ರಿಮ್ಸನ್, ಅಲ್ಟ್ರಾಮರೀನ್, ಥ್ಯಾಲೊ ನೀಲಿ ಅಥವಾ ಹಸಿರು, ಬರ್ಂಟ್ ಸಿಯನ್ನಾ, ಬರ್ಂಟ್ ಅಂಬರ್. ಇವು 20 ಅಥವಾ 40 ಮಿಲಿಲೀಟರ್ ಟ್ಯೂಬಾದರೆ ಟೈಟಾನಿಯಂ ಬಿಳಿ 120ರದ್ದೇ ಇರಲಿ, ಉಳಿದ ಎಲ್ಲದಕ್ಕಿಂತ ಮೊದಲು ಅದೇ ಖಾಲಿಯಾಗುತ್ತದೆ. ಜಲವರ್ಣದಲ್ಲಿ ಪ್ರಷ್ಯನ್ ನೀಲಿ ಬಳಸಿ ಅಭ್ಯಾಸವಾದವರು ಅಕ್ರಿಲಿಕ್ಕಿನಲ್ಲಿ ‘ಹ್ಯೂ’ ಎಂದು ಬರೆದ ಪ್ರಷ್ಯನ್ ಟ್ಯೂಬ್ ಕಂಡು ಅನುಮಾನಿಸಬಹುದು. ಅಕ್ರಿಲಿಕ್ ಬಣ್ಣದಲ್ಲಿ ಕ್ಷಾರದ ಅಂಶ ಇರುತ್ತದೆ, ಅಸಲಿ ಪ್ರಷ್ಯನ್ ನೀಲಿ ಕ್ಷಾರಕ್ಕೆ ಕೆಡುತ್ತದೆ, ಅದಕ್ಕೇ ಬೇರೆ ಪುಡಿಗಳಿಂದ ಆ ಛಾಯೆ ಕಟ್ಟಿರುತ್ತಾರೆ. ಫೇವಿಕ್ರಿಲ್‌ನಂಥ 15 ಮಿಲಿಲೀಟರ್ ಬಾಟಲಿಗಳು ಬಟ್ಟೆಗೆ, ಕರಕುಶಲಕ್ಕೆ ಎಂದು ತೆಳುವಾಗಿ ಮಾಡಿದವು. ಕಲಿಯಲು ಅಡ್ಡಿಯಿಲ್ಲ, ಮುರಕಲ್ಲಿನ ಒಣ ಬ್ರಶ್ಶಿಗೆ ಮಾತ್ರ ದಪ್ಪ ಟ್ಯೂಬ್ ಬಣ್ಣವೇ ಬೇಕು.

ಬ್ರಶ್ಶಿನ ಬಗ್ಗೆ ಕಠಿಣವಾಗಿರಿ. ಜಲವರ್ಣದ ಅಳಿಲುಕೂದಲು, ಸೇಬಲ್ ಬ್ರಶ್ಶುಗಳನ್ನು ಅಕ್ರಿಲಿಕ್ಕಿನ ಹತ್ತಿರವೂ ತರಬೇಡಿ. ಬಣ್ಣ ಕೂದಲ ಬುಡಕ್ಕೆ, ಲೋಹದ ಕಟ್ಟಿನೊಳಗೆ ಹೋಗಿ ಗಟ್ಟಿಯಾದರೆ ತುದಿ ಪೊರಕೆಯಾಗುತ್ತದೆ. ನೈಲಾನ್ ಬ್ರಶ್ ಸಾಕು. ಬಣ್ಣಕ್ಕೆ ಅದ್ದುವ ಮೊದಲು ನೀರಿಗೆ ಅದ್ದಿ ಬಟ್ಟೆಗೆ ಒತ್ತಿ, ಬುಡದ ಕೂದಲು ಒದ್ದೆಯಿದ್ದರೆ ಬಣ್ಣ ಅಲ್ಲಿಗೆ ಹತ್ತುವುದು ಕಡಿಮೆ. ಫೋನ್ ಬಂತೆಂದು ಬ್ರಶ್ ಕೆಳಗಿಟ್ಟು ಹೋಗುವುದಿದ್ದರೆ ನೀರಿನ ತಟ್ಟೆಯಲ್ಲಿ ಮಲಗಿಸಿ ಹೋಗಿ, ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿದರೆ ತುದಿ ಸೊಟ್ಟ. ಕೆಲಸ ಮುಗಿದ ಮೇಲೆ ಬಾರ್ ಸೋಪಿನ ಮೇಲೆ ಉಜ್ಜಿ, ನೊರೆ ಬಿಳಿಯಾಗುವವರೆಗೆ ತೊಳೆಯಿರಿ. ಆರಿ ಗಟ್ಟಿಯಾದದ್ದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕಾಲು ಗಂಟೆ ನೆನೆಸಿದರೆ ಮೆತ್ತಗಾಗುತ್ತದೆ, ಮೊದಲಿನ ಮೊನೆ ಮಾತ್ರ ಮರಳದು.

ಬ್ರಶ್ ತೊಳೆದ ನೀರನ್ನು ಬಾವಿಕಟ್ಟೆಯ ಬದಿಗೋ ತೋಟದ ಕಣಿಗೋ ಚೆಲ್ಲಬೇಡಿ, ಅದರಲ್ಲಿರುವುದು ಪ್ಲಾಸ್ಟಿಕ್. ತೊಳೆಯುವ ಮೊದಲೇ ಬಣ್ಣವನ್ನು ಬಟ್ಟೆಗೆ ಒರೆಸಿಕೊಂಡರೆ ಮುಕ್ಕಾಲು ಪಾಲು ನೀರಿಗೆ ಹೋಗುವುದೇ ಇಲ್ಲ. ಉಳಿದ ನೀರನ್ನು ಬಕೆಟಿನಲ್ಲಿ ಕೂಡಿಹಾಕಿ, ಒಂದು ಚಮಚ ಪಟಿಕದ ಪುಡಿ, ಆಮೇಲೆ ಅಷ್ಟೇ ಸುಣ್ಣ ಹಾಕಿ ಕದಡಿ ಒಂದು ದಿನ ಬಿಟ್ಟರೆ ಬಣ್ಣ ಹೆಪ್ಪುಗಟ್ಟಿ ಅಡಿ ಹಿಡಿಯುತ್ತದೆ. ದಪ್ಪ ಬಟ್ಟೆಯಲ್ಲಿ ಸೋಸಿ, ಗಸಿಯನ್ನು ಒಣಗಿಸಿ ಕಸಕ್ಕೆ.

ವಾರ್ನಿಶ್ ಹಚ್ಚಲು ಮಳೆಗಾಲ ಸಲ್ಲ. ತೇವದ ಗಾಳಿಯಲ್ಲಿ ಹಚ್ಚಿದರೆ ಒಳಗೆ ಮಂಜು ಕಟ್ಟಿದ ಹಾಗೆ ಬೆಳ್ಳಗಾಗುತ್ತದೆ. ಜುಲೈಯಲ್ಲಿ ಮುಗಿದ ಚಿತ್ರ ಡಿಸೆಂಬರ್‌ವರೆಗೆ ಕಾದರೆ ಏನೂ ನಷ್ಟವಿಲ್ಲ. ಹಚ್ಚುವ ಮೊದಲು ಸಾಫ್ಟ್ ಜೆಲ್ ಎಂಬ ಬಣ್ಣವಿಲ್ಲದ ಹೊಳಪಿನ ಅಕ್ರಿಲಿಕ್ ಮೀಡಿಯಂ ಎರಡು ಪಾಲಿಗೆ ನೀರು ಒಂದು ಪಾಲು ಬೆರೆಸಿ ಒಂದು ಕಾವಲು ಕೋಟು ಕೊಡಿ, ಮುಂದೆ ಎಂದಾದರೂ ವಾರ್ನಿಶ್ ತೆಗೆಯಬೇಕಾದರೆ ಬಣ್ಣಕ್ಕೆ ಪೆಟ್ಟಾಗುವುದಿಲ್ಲ. ಗೋಡೆಗೆ ತೂಗುಹಾಕುವಾಗ ಫ್ರೇಮಿನ ಕೆಳಗಿನ ಎರಡು ಮೂಲೆಗೆ ಒಂದೊಂದು ತುಂಡು ಬಿರಡೆ ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಬೆರಳು ಹೋಗುವಷ್ಟು ಗಾಳಿ ಆಡಲಿ. ಗಾಜಿಲ್ಲದಿದ್ದರೂ ಕ್ಯಾನ್ವಾಸಿನ ಬೆನ್ನಿನ ಹತ್ತಿಗೆ ಬೂಷ್ಟು ಬರುತ್ತದೆ. ಎಂ.ಡಿ.ಎಫ್. (ಮರದ ನಾರು ಒತ್ತಿ ಮಾಡಿದ) ಹಲಗೆಯ ಮೇಲೆ ಬರೆಯುವವರು ಬೆನ್ನಿಗೂ ನಾಲ್ಕು ಅಂಚಿಗೂ ಜೆಸೊ ಹಚ್ಚದೆ ಬಿಟ್ಟರೆ ಮೊದಲ ಮಳೆಗೇ ಹಲಗೆ ಉಬ್ಬಿ ಬಾಗುತ್ತದೆ.

ಒಣಗಿದ ಅಕ್ರಿಲಿಕ್ ಪೊರೆ ನಮ್ಮ ಸೆಕೆಯಲ್ಲಿ ಸ್ವಲ್ಪ ಮೆದುವಾಗಿಯೇ ಇರುತ್ತದೆ. ಎರಡು ಚಿತ್ರಗಳನ್ನು ಮುಖಕ್ಕೆ ಮುಖ ಸೇರಿಸಿ ಅಟ್ಟದಲ್ಲಿಟ್ಟರೆ ಮೇ ತಿಂಗಳ ಹೊತ್ತಿಗೆ ಅಂಟಿಕೊಂಡಿರುತ್ತವೆ. ನಡುವೆ ಪೇಪರ್ ಇಟ್ಟರೆ ವಾರ್ತೆಯೂ ಚಿತ್ರದ ಮೇಲೆ ಅಚ್ಚಾಗುತ್ತದೆ, ಗುಳ್ಳೆ ಪ್ಲಾಸ್ಟಿಕ್ ಸುತ್ತಿದರೆ ಗುಳ್ಳೆಗಳ ಉಂಗುರ ಮೂಡುತ್ತದೆ. ಪ್ಯಾಲೆಟ್ಟಿಗೆ ಹಾಸಿದ ಅದೇ ಪಾರ್ಚ್‌ಮೆಂಟ್ ಕಾಗದ ಇಟ್ಟು, ಮಲಗಿಸದೆ ನಿಲ್ಲಿಸಿ. ಈಗಾಗಲೇ ಅಂಟಿದ್ದರೆ ಎಳೆಯಬೇಡಿ. ಚಿಕ್ಕವಾದರೆ ಪ್ಲಾಸ್ಟಿಕ್ ಚೀಲದೊಳಗೆ ಬಿಗಿಯಾಗಿ ಕಟ್ಟಿ ಅರ್ಧ ಗಂಟೆ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಿ, ಫ್ರೀಜರಿನಲ್ಲಿ ಬೇಡ, ಅಲ್ಲಿ ಪೊರೆ ಬಿರುಸಾಗಿ ಒಡೆಯುತ್ತದೆ. ತಂಪಿಗೆ ಪೊರೆ ಗಟ್ಟಿಯಾದ ಮೇಲೆ ಒಂದು ಮೂಲೆಯಿಂದ ನಿಧಾನ ಬಿಡಿಸುತ್ತಾ ಬನ್ನಿ. ಕಿತ್ತುಹೋದ ಕಡೆಗೆ ಹೇಗೂ ಇನ್ನೊಂದು ಕೋಟು ಹಾಕಬಹುದಲ್ಲ.